ಕೊಕ್ಕರೆಯ ಕೆಲಸದ ಹೊತ್ತು

ಕೆರೆಯ ದಣಿಯಾದ ನೀರುನಾಯಿ ಹೊಟ್ಟೆ ಬೆಳೆಸಿಕೊಂಡು ನೀರಿಗಿಳಿಯುವುದನ್ನೇ ಬಿಟ್ಟಿತ್ತು. ಮೀನು ಹಿಡಿಯಲು ಒಂದು ಕೊಕ್ಕರೆಯನ್ನು ಕೆಲಸಕ್ಕಿಟ್ಟುಕೊಂಡಿತ್ತು. ಬುಟ್ಟಿ ದಿನವೂ ತುಂಬುತ್ತಿತ್ತು. ಆದರೂ ದಣಿಗೆ ಅನುಮಾನ: ಕಣ್ಣು ತಪ್ಪಿಸಿ ಕೊಕ್ಕರೆ ಮೈಗಳ್ಳತನ ಮಾಡುತ್ತಿದ್ದರೆ? ಮೇಲಿನಿಂದ ನೋಡಿ ವರದಿ ಕೊಡಲು ಒಂದು ಬಿಳಿ ಮೋಡವನ್ನು ನೇಮಿಸಿತು. ಅಲುಗಾಡಿದಷ್ಟು ಹೊತ್ತು ಮಾತ್ರ ಕೆಲಸದ ಹೊತ್ತು ಎಂದು ಕಟ್ಟಪ್ಪಣೆಯಾಯಿತು.

ಮೊದಲ ಸಂಜೆಯೇ ಮೋಡ ವರದಿ ಒಪ್ಪಿಸಿತು: "ಕೊಕ್ಕರೆ ಬೆಳಗಿನಿಂದ ಒಂಟಿ ಕಾಲಲ್ಲಿ ಸುಮ್ಮನೆ ನಿಂತಿತ್ತು."

ನೀರುನಾಯಿ ತುಂಬಿದ ಬುಟ್ಟಿಯ ಮುಂದೆಯೇ ಕೂತು ಕೊಕ್ಕರೆಯನ್ನು ಗದರಿತು. "ಆ ಸಿಪಿಲೆ ಹಕ್ಕಿಯನ್ನು ನೋಡಿ ಕಲಿ. ಅದರ ಬಾಲ ಅರೆಗಳಿಗೆಯೂ ನಿಲ್ಲುವುದಿಲ್ಲ."

"ನಿಲ್ಲುವುದೇ ನನ್ನ ಕೆಲಸ, ದಣಿ."

"ಮೋಡಕ್ಕೆ ಹಾಗೆ ಕಾಣುತ್ತಿಲ್ಲ. ನಾಳೆಯೂ ನಿಂತರೆ ನಿನ್ನ ಕೆಲಸ ಹೋಯಿತೆಂದೇ ತಿಳಿ."

ಕೊಕ್ಕರೆಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಮರುದಿನ ಅದು ನೀರಿನಲ್ಲಿ ಥೈ ಥೈ ಕುಣಿಯಿತು, ರೆಕ್ಕೆ ಬಡಿಯಿತು, ಆ ದಡದಿಂದ ಈ ದಡಕ್ಕೆ ಓಡಾಡಿತು. ಮೀನುಗಳೆಲ್ಲ ಹೆದರಿ ಆಳಕ್ಕಿಳಿದವು. ಮೋಡ ಹಿಗ್ಗಿ ಹೀರೇಕಾಯಿಯಾಯಿತು. "ದಣಿ, ಇಂಥ ದುಡಿಮೆಯನ್ನು ನಾನು ಕಂಡೇ ಇಲ್ಲ!"

ನೀರುನಾಯಿ ಖುಷಿಯಿಂದ ಎಲೆ ಹಾಸಿಕೊಂಡು ಊಟಕ್ಕೆ ಕೂತಿತು. ನೋಡಿದರೆ ಬುಟ್ಟಿ ಖಾಲಿ. "ಮೀನೆಲ್ಲಿ?"

"ಮೀನಿನ ವಿಷಯ ಗೊತ್ತಿಲ್ಲ, ದಣಿ. ದಿನವಿಡೀ ಅಲುಗಾಡಿದ್ದೇನೆ. ಬೇಕಾದರೆ ಮೋಡವನ್ನೇ ಕೇಳಿ."

ನೀರುನಾಯಿ ಮೋಡವನ್ನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಒಂದು ಮುದಿ ಮೀನು ನೀರಿನಿಂದ ತಲೆ ಹೊರಹಾಕಿತು.

"ಒಂದು ಬಿನ್ನಹ, ದಣಿ. ದಯವಿಟ್ಟು ಈ ಮೋಡವನ್ನು ಮಾತ್ರ ಕೆಲಸದಿಂದ ತೆಗೆಯಬೇಡಿ."