ನೆನೆಯಲು ಬಿಟ್ಟ ಕಟ್ಟಿಗೆ

ಹೊಳೆದಂಡೆಯ ಮಠಕ್ಕೆ ಬಂದು ಸೇರಿದಾಗ ಮೌನೇಶನಿಗೆ ನಲವತ್ತೆರಡು. ಅದಕ್ಕೂ ಮುಂಚೆ ಅವನು ಕಂಚುಗಾರ. ಕಿಲುಬು ಹಿಡಿದ ತಾಮ್ರದ ಕೊಡವನ್ನು ಬೆಳಗ್ಗೆ ಅವನ ಕೈಗೆ ಕೊಟ್ಟರೆ ಸಂಜೆಯೊಳಗೆ ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಬಂದ ದಿನವೇ ಗುರುಗಳ ಪಾದ ಹಿಡಿದು ಕೇಳಿದ್ದ. ಆ ಕಡೆ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುವುದು.

“ಅಜ್ಜಾರ, ನಾ ಏನ್ ಮಾಡ್ಲಿ?”

“ಕುಂತು ನೆನಿ,” ಅಂದಿದ್ದರು ಅಜ್ಜಾರು.

ದೇವರನ್ನು ನೆನೆಯಬೇಕು ಅಂತ ಮೌನೇಶ ತಿಳಿದ. ಅಂದಿನಿಂದ ಬೆಳಗು ಸಂಜೆ ಕಣ್ಣು ಮುಚ್ಚಿ ಕೂರುತ್ತಿದ್ದ. ಒಳಗೆ ಏನಾಗುತ್ತಿತ್ತೋ, ಯಾರಿಗೂ ಹೇಳಲಿಲ್ಲ.

ಭಕ್ತರೊಬ್ಬರು ಮಠಕ್ಕೆ ಗಾಜಿನ ಮೀನಿನ ತೊಟ್ಟಿಯೊಂದನ್ನು ತಂದುಕೊಟ್ಟರು. ಪಡಸಾಲೆಯಲ್ಲಿಟ್ಟು ಹೊಳೆಯ ಸಣ್ಣ ಮೀನುಗಳನ್ನು ಬಿಟ್ಟಿದ್ದಾಯಿತು. ಅದರ ಉಸ್ತುವಾರಿ ಮೌನೇಶನ ಪಾಲಿಗೆ ಬಂತು. ಬರಿಯ ಗಾಜಿನೊಳಗೆ ಮೀನುಗಳಿಗೆ ಮರೆಯೇ ಇಲ್ಲವಲ್ಲ ಎಂದು, ಹೊಳೆಯಲ್ಲಿ ತೇಲಿಬಂದು ದಂಡೆಗೆ ಬಿದ್ದಿದ್ದ ಒಣ ಬೇರೊಂದನ್ನು ಹುಡುಕಿ ತಂದ. ತಿರುಚಿಕೊಂಡ, ಅಂದವಾದ ಬೇರು. ತೊಳೆದು, ಕಲ್ಲು ಕಟ್ಟಿ, ನೀರಿಗೆ ಇಳಿಸಿದ.

ನಾಲ್ಕನೇ ದಿನ ಅದರ ಮೈತುಂಬ ಬಿಳಿ ಲೋಳೆ.

ಮೌನೇಶನಿಗೆ ರೇಗಿಹೋಯಿತು. ಹೊರಗೆ ತೆಗೆದು ತೆಂಗಿನ ನಾರಿನಲ್ಲಿ ತಿಕ್ಕಿದ. ಎರಡು ದಿನಕ್ಕೆ ಲೋಳೆ ಮತ್ತೆ ಹಾಜರು. ಮತ್ತೆ ತಿಕ್ಕಿದ. ಅದೂ ಮತ್ತೆ ಬಂತು.

ಹಾದುಹೋಗುತ್ತಿದ್ದ ಅಜ್ಜಾರು ಒಂದು ಗಳಿಗೆ ನಿಂತು ನೋಡಿದರು.

“ಹೊಸಾ ಕಟಿಗಿ. ಒಳಗಿಂದು ಹೊರಗ ಬರತೈತಿ. ನೆನೀಲಿ, ಬಿಡು.”

ಬಿಡುವ ಜಾಯಮಾನ ಅವನದಲ್ಲ. ಮರುದಿನ ಅಡುಗೆಮನೆಯಿಂದ ಹುಣಸೆಹಣ್ಣು, ಅಂಗಳದಿಂದ ಇಟ್ಟಿಗೆ ಪುಡಿ ತಂದ. ಕಂಚುಗಾರನ ಕೈ ನೋಡಿ, ಅದಕ್ಕೆ ಗೊತ್ತಿದ್ದುದೇ ಅಷ್ಟು. ದೀಪದ ಕಂಬ ಬೆಳಗಿದ ಹಾಗೆ ಬೇರನ್ನು ಬೆಳಗಿ, ಅವಸರದಲ್ಲಿ ಅರೆಬರೆ ತೊಳೆದು ತೊಟ್ಟಿಗಿಟ್ಟ. ಹುಳಿ ಬೇರಿನ ಸಂದುಗೊಂದುಗಳಲ್ಲಿ ಉಳಿದುಬಿಟ್ಟಿತ್ತು.

ಮಧ್ಯಾಹ್ನ ಪ್ರಸಾದದ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮೌನೇಶ ಎದ್ದುಬಿದ್ದು ಓಡಿಹೋಗಿ ಹೊಳೆನೀರು ತಂದು ಅವನ್ನು ಕೊಡಕ್ಕೆ ಹಾಕಿದ. ಒಂದು ಮಾತ್ರ ಬದುಕಲಿಲ್ಲ.

ಅದನ್ನು ಅಂಗೈಯಲ್ಲಿಟ್ಟುಕೊಂಡು ಅಜ್ಜಾರ ಮುಂದೆ ನಿಂತ. ನಾಚಿಕೆಗೆ ತಲೆ ಎತ್ತಲಾಗಲಿಲ್ಲ.

“ಅಜ್ಜಾರ, ನಾ ಮಠ ಬಿಟ್ಟು ಹೋಗ್ತೀನ್ರಿ.”

“ಒಂದು ಮೀನಿನ ಸಲವಾಗಿ?”

“ಮೀನಷ್ಟ ಅಲ್ರಿ. ಆರು ತಿಂಗಳಾತು ನಾ ಕುಂತು. ಕಣ್ಣು ಮುಚ್ಚಿದ್ರ ಸಾಕು, ನಮ್ಮಣ್ಣ ಬಂದು ನಿಂದರ್ತಾನ. ಅವನ ಜೋಡಿ ಜಗಳಾಡಿ ಮಾತು ಬಿಟ್ಟಿದ್ದೆ. ಸತ್ತಾಗ ಮಣ್ಣಿಗೂ ಹೋಗ್ಲಿಲ್ಲ. ಅವಗ ಅಂದ ಕೆಟ್ಟ ಮಾತೆಲ್ಲ ಮ್ಯಾಲೇಳತಾವು. ತಳ್ಳತೀನಿ, ಮತ್ತ ಬರತಾವು. ನನ್ನೊಳಗ ಬರೇ ಹೊಲಸೈತ್ರಿ. ದೇವರನ್ನ ನೆನಿಯೂ ಯೋಗ್ಯತಾ ನನಗಿಲ್ಲ.”

ಅಜ್ಜಾರು ಮೀನನ್ನು ಇಸಿದುಕೊಂಡು ಮಲ್ಲಿಗೆ ಗಿಡದ ಬುಡದಲ್ಲಿ ಮಣ್ಣು ಮಾಡಿದರು. ಕೈ ಕೊಡವಿಕೊಂಡು ಹೇಳಿದರು:

“ಹೋಗು. ಆದ್ರ ಆ ಕಟಿಗಿ ಸ್ವಚ್ಛ ಆದಮ್ಯಾಲ ಹೋಗು. ಅಲ್ಲೀತನಾ ಅದಕ್ಕ ಕೈ ಹಚ್ಚಬ್ಯಾಡ.”

“ಕೈ ಹಚ್ಚಲಿಲ್ಲಂದ್ರ ಹೆಂಗ್ರಿ ಸ್ವಚ್ಛ ಆಗೂದು?”

ಅಜ್ಜಾರು ಆಗಲೇ ಒಳಗೆ ಹೋಗಿದ್ದರು.

ಮೌನೇಶ ಬೇರನ್ನು ಹೊಳೆಯಲ್ಲಿ ಚೆನ್ನಾಗಿ ಜಾಲಿಸಿ, ತೊಟ್ಟಿಗೆ ಹೊಸ ಹೊಳೆನೀರು ತುಂಬಿ ಮೀನುಗಳನ್ನು ವಾಪಸು ಬಿಟ್ಟ. ತನ್ನ ಬಟ್ಟೆಬರೆ ಗಂಟು ಕಟ್ಟಿಟ್ಟು ತೊಟ್ಟಿಯ ಎದುರು ಕೂತ.

ಲೋಳೆ ಬಂತು, ಮೊದಲಿಗಿಂತ ದಪ್ಪಗೆ. ಮಠಕ್ಕೆ ಬಂದ ಹೆಂಗಸರು ಅದನ್ನು ನೋಡಿ ಮೂಗು ಮುರಿದರು. ತಿಕ್ಕಿಬಿಡಲು ಮೌನೇಶನ ಕೈ ತುರಿಸುತ್ತಿತ್ತು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಹಾಗೆ ಕೂತವನ ಎದುರಿಗೆ ಅಣ್ಣನೂ ಬಂದ. ಯಾಕೋ ಈ ಸಲ ತಳ್ಳಲಿಲ್ಲ. ಆಡಿದ ಮಾತುಗಳೆಲ್ಲ ಒಂದೊಂದಾಗಿ ಬಂದವು. ಅವುಗಳ ಹಿಂದೆ, ಇದೇ ಅಣ್ಣ ತನ್ನ ಪುಟ್ಟ ಕೈ ಹಿಡಿದು ಕುಲುಮೆಯ ತಿದಿ ಒತ್ತಲು ಕಲಿಸಿದ್ದೂ ಬಂತು. ಹಾಡುಹಗಲಲ್ಲಿ, ಪಡಸಾಲೆಯಲ್ಲಿ, ಮೀನುಗಳ ಮುಂದೆ ಮೌನೇಶ ಅತ್ತುಬಿಟ್ಟ.

ಹತ್ತನೇ ದಿನ ಬೇರಿನ ಮೇಲೆ ಬಸವನಹುಳುಗಳು ಕಂಡವು. ಹೊಳೆನೀರಿನ ಜೊತೆ ಬಂದವಿರಬೇಕು, ಕಾಳಿನಷ್ಟೇ ಇದ್ದವು. ನಿಧಾನವಾಗಿ ಲೋಳೆ ಮೇಯುತ್ತಿದ್ದವು. ಮೀನುಗಳೂ ಬಂದು ಕಚ್ಚಿ ಕಚ್ಚಿ ಹೋಗುತ್ತಿದ್ದವು.

ನಾಲ್ಕನೇ ವಾರಕ್ಕೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತ್ತು. ಬೇರು ಕಪ್ಪಗೆ, ಸ್ವಚ್ಛವಾಗಿ ತಳದಲ್ಲಿ ಕೂತಿತ್ತು.

ಮೌನೇಶ ಅಜ್ಜಾರ ಬಳಿ ಹೋದ.

“ಕಟಿಗಿ ಸ್ವಚ್ಛ ಆತ್ರಿ.”

“ಗಂಟೆಲ್ಲಿ?”

“ಬಿಚ್ಚಿಟ್ಟೀನ್ರಿ.” ಮೌನೇಶ ಅಲ್ಲೇ ಕೂತು ಕೇಳಿದ, “ಅಜ್ಜಾರ, ನಾ ಬಂದ ದಿನ ಕುಂತು ನೆನಿ ಅಂದ್ರಲ್ಲ, ಯಾರನ್ನ ನೆನಿ ಅಂದಿದ್ರಿ?”

ಅಜ್ಜಾರು ನಕ್ಕರು.

“ಯಾರನ್ನ ಅಂತ ನಾ ಎಲ್ಲಿ ಅಂದೆ, ತಮ್ಮಾ? ನಿನಗ ನೆನಿ ಅಂದಂಗ ಕಟಿಗಿಗೂ ನೆನೀಲಿ ಅಂದೆ. ಕಟಿಗಿಗೆ ಲಗೂನ ತಿಳೀತು.”