ಎರಡು ಎಲೆ, ಒಂದು ಹಸಿವು

ಪರಮಪೂಜ್ಯ ಶ್ರೀ ಗುರುಪಾದಜ್ಜನವರ ಮಠವೆಂದರೆ ಊರ ಹೊರಗಿನ ಒಂದು ಜೋಪಡಿ. ಅಜ್ಜನವರು ಬೇವಿನ ಕೆಳಗೆ ಕುಳಿತು ಮುತ್ತುಗದ ಎಲೆಗಳಿಂದ ಪತ್ರಾವಳಿ ಹಚ್ಚುತ್ತಿದ್ದರು. ಬಂದವರು ಯಾರೇ ಇರಲಿ, ಹೆಸರು ಕೇಳಿಯೇ ಎಲೆ ಹಾಕುವುದು ಅಲ್ಲಿಯ ಪದ್ಧತಿ.

ಒಂದು ಮಧ್ಯಾಹ್ನ ತಾಲೂಕಿನ ಮಾಮಲೇದಾರ ಚನವೀರಪ್ಪನವರು ಎದೆಯುಬ್ಬಿಸಿಕೊಂಡು ಬಂದರು. ಉಬ್ಬಿಸದೆ ಏನು? ಹಿಂದಿನ ವಾರವೇ ಕೋರ್ಟಿನಲ್ಲಿ ಗೆದ್ದಿದ್ದರು. ಕನ್ನಡದ ೬ಕ್ಕೂ ೯ಕ್ಕೂ ಬಾಲದಷ್ಟೇ ಅಂತರ. ಸರ್ವೆ ನಂಬರು ೧೬ರ ಒತ್ತುವರಿ ತೆಗೆಯಬೇಕಾದಲ್ಲಿ ೧೯ ಎಂದೋದಿ ಹುಕುಮಿಗೆ ಸಹಿ ಹಾಕಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ೧೯ರಲ್ಲಿದ್ದ ವಿಧವೆ ನೇಕಾರಗಿತ್ತಿ ತಿಪ್ಪವ್ವನ ಮನೆ ನೆಲಕ್ಕುರುಳಿತು. ಒಳಗಿದ್ದ ಮಗ್ಗವೂ ಮುರಿಯಿತು. ಆಕೆ ದಾವೆ ಹೂಡಿದರೆ, ಹುದ್ದೆಯಲ್ಲಿದ್ದು ಮಾಡಿದ ಕೆಲಸಕ್ಕೆ ಅಧಿಕಾರಿಯ ಮೇಲೆ ದಾವೆ ನಡೆಯದೆಂದು ಕೋರ್ಟು ಹೇಳಿತು. ಮಠದಲ್ಲಿ ರೊಟ್ಟಿ ಬಡಿಯುತ್ತ ಉಳಿದ ತಿಪ್ಪವ್ವ, ದಿನಾ ಮುಂಜಾನೆ ಕಚೇರಿಯ ಮುಂದೆ ಹೋಗಿ ಕೂರುವುದನ್ನು ಮಾತ್ರ ಬಿಡಲಿಲ್ಲ.

"ಅಜ್ಜಾರ, ಆಕಿಗೆ ಬುದ್ಧಿ ಹೇಳ್ರಿ," ಎಂದರು ಚನವೀರಪ್ಪನವರು. "ಮನಿ ಕೆಡವಿದ್ದು ಚನವೀರಪ್ಪ ಅಲ್ರಿ, ಮಾಮಲೇದಾರ. ಕಾಯ್ದೆನೇ ಹಂಗ ಹೇಳತೈತಿ."

ಅಜ್ಜನವರು ಮುಗುಳ್ನಕ್ಕು ಎರಡು ಎಲೆ ಹಾಸಿದರು. "ಇದು ಮಾಮಲೇದಾರಂದು, ಇದು ಚನವೀರಪ್ಪಂದು. ಹಸಿವು ಯಾರದ್ರಿ?"

"ನಂದ ಅಜ್ಜಾರ."

"ಹಸಿವು ನಿಮ್ಮದಾದ ಮ್ಯಾಲೆ ಸಹಿನೂ ನಿಮ್ಮದ ಅಲ್ಲೇನ್ರಿ? ಕೋರ್ಟು ಬಿಟ್ಟದ್ದು ಮಾಮಲೇದಾರನ್ನ. ಚನವೀರಪ್ಪನ್ನ ಬಿಡಾಕಿ ಒಲಿ ಮುಂದ ಕುಂತಾಳ."

ಚನವೀರಪ್ಪನವರು ತಲೆಯ ರುಮಾಲು ತೆಗೆದು ಒಲೆಯ ಬಳಿ ಹೋಗಿ ನಿಂತರು.

"ತಂಗಿ, ಸಹಿ ನಂದು."

ತಿಪ್ಪವ್ವ ತಲೆಯೆತ್ತದೆ ರೊಟ್ಟಿ ಮಗುಚಿದಳು. "ಹೌದ್ರಿ. ಮನಿ ನಂದಿತ್ತು."

ಅವರು ಉಣ್ಣದೆ ಹೋದರು. ಮರುದಿನದಿಂದ ಕಚೇರಿ ಮುಗಿದ ಮೇಲೆ ತಿಪ್ಪವ್ವನ ಮನೆ ಬಿದ್ದ ಜಾಗದಲ್ಲಿ ಮಾಮಲೇದಾರರು ಗೋಡೆಗೆ ಮಣ್ಣು ತುಳಿಯುವುದನ್ನು ಊರೇ ಕಂಡಿತು. ಗೋಡೆ ಎದ್ದಿತು, ಬಡಗಿ ಬಂದು ಮಗ್ಗ ಕೂಡಿಸಿದ. ಆಮೇಲೆ ಅವರು ನಿವೃತ್ತರಾಗುವವರೆಗೂ ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡದೆ ಯಾವ ಹುಕುಮಿಗೂ ಸಹಿ ಹಾಕಲಿಲ್ಲವಂತೆ.

ಮಗ್ಗ ಮತ್ತೆ ಸದ್ದು ಮಾಡಿದ ದಿನ ಚನವೀರಪ್ಪನವರು ಮಠದ ಪಂಕ್ತಿಯಲ್ಲಿ ಕುಳಿತರು. ಅಜ್ಜನವರು ಒಂದೇ ಎಲೆ ಹಾಸಿದರು. ರೊಟ್ಟಿಯ ಬುಟ್ಟಿ ಹಿಡಿದು ಬಂದ ತಿಪ್ಪವ್ವ ಅಲ್ಲಿ ನಿಂತಳು.

"ಈ ಎಲಿ ಯಾರದ್ರಿ?"

"ಚನವೀರಪ್ಪಂದು, ತಂಗಿ," ಎಂದರು ಚನವೀರಪ್ಪನವರೇ.

"ಹಂಗಾದ್ರ ಉಣ್ಣು, ಅಣ್ಣಾ," ಎಂದು ತಿಪ್ಪವ್ವ ಎರಡು ಬಿಸಿ ರೊಟ್ಟಿ ಬಡಿಸಿದಳು.