ಎಮ್ಮೆ ಸಾಕಿದ ನಾಯಿಮರಿ

ತಬ್ಬಲಿ ಮರಿಯನ್ನು ಕೇಳಲು ಬಂದವರು ತಮಗೇನು ಬೇಕೆಂದು ಹೇಳುವ ಮೊದಲು ಅದಕ್ಕೇನು ಬೇಕೆಂದು ವಿಚಾರಿಸಬೇಕು. ಈ ನಿಯಮವನ್ನು ಯಾರೂ ಪಾಲಿಸಲಿಲ್ಲ. ಕುಂಟು ನಾಯಿಮರಿಯೊಂದನ್ನು ಕೊಟ್ಟಿಗೆಯಲ್ಲಿ ಸಾಕುತ್ತಿದ್ದ ಎಮ್ಮೆಗೆ ತಲೆಚಿಟ್ಟು ಹಿಡಿದುಹೋಗಿತ್ತು.

"ನನ್ನ ಮೊಟ್ಟೆ ಕಾಯಲು ಆಳು ಬೇಕು," ಎಂದಿತು ಹೇಂಟೆ.

"ನನ್ನ ಕುಣಿತ ನೋಡಲು ಯಾರಾದರೂ ಬೇಕು," ಎಂದಿತು ನವಿಲು.

"ಮರಿ ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಒಬ್ಬರಾದರೂ ಕೇಳಿದಿರಾ?" ಎಂದು ಎಮ್ಮೆ ಗದರಿತು.

ಇವರನ್ನು ಕರೆತಂದಿದ್ದ ಕಾಗೆ ನಕ್ಕಿತು. "ನೀನೇನು ಮಗಳಿಗೆ ಗಂಡು ನೋಡುತ್ತಿದ್ದೀಯಾ, ಎಮ್ಮಕ್ಕ? ಕುಂಟು ಮರಿಯನ್ನು ಕೇಳಿದ್ದೇ ಹೆಚ್ಚು. ಯಾರಿಗಾದರೂ ಕೊಟ್ಟು ಸಾಗಹಾಕು."

ಎಮ್ಮೆ ಕಾಗೆಗೆ ಬೆನ್ನು ತಿರುಗಿಸಿತು. ಮರಿಯನ್ನು ಮೂತಿಯಿಂದ ಮೆಲ್ಲಗೆ ಒಳಗೆ ತಳ್ಳಿ, ಕೊಟ್ಟಿಗೆಯ ಬಾಗಿಲಿಗೆ ಅಡ್ಡಲಾಗಿ ಮಲಗಿ, ಮೆಲುಕು ಹಾಕತೊಡಗಿತು.